ಮಡಿಕೇರಿಯ ಗೀಸರ್‌ಗೆ ಟೈಮರ್ ಬೇಕಾ?

ಟೊರೊಂಟೊದಲ್ಲಿರುವ ತಂಗಿಯ ಮಗ ಡಿಸೆಂಬರ್‌ನಲ್ಲಿ ಫೋನ್ ಮಾಡಿದ್ದ. ಮಡಿಕೇರಿಯ ಚಳಿ ಬಗ್ಗೆ ನಾನು ಸುಮ್ನೆ ಗೊಣಗಿದೆ. "ಮಾವ, ಒಂದು ಪ್ರೋಗ್ರಾಮೆಬಲ್ ಥರ್ಮೋಸ್ಟಾಟ್ ಹಾಕಿಸಿಬಿಡಿ, ಕರೆಂಟೂ ಉಳಿಯುತ್ತೆ" ಅಂದ. ಅವನ ಊರಲ್ಲಿ ಮನೆ ಪೂರ್ತಿ ಬಿಸಿ ಮಾಡುವ ಯಂತ್ರ ಇರುತ್ತದೆ. ರಾತ್ರಿ ಮಲಗಿದ ಮೇಲೆ ಬಿಸಿ ತಗ್ಗಿಸು, ಏಳುವ ಹೊತ್ತಿಗೆ ಏರಿಸು ಎಂದು ಗೋಡೆ ಮೇಲಿನ ಆ ಡಬ್ಬಿ ಅದಕ್ಕೆ ಹೇಳುತ್ತದೆ. ನಮ್ಮ ಮನೆಯಲ್ಲಿ ಅದು ಯಾರಿಗೆ ಹೇಳಬೇಕು? ಹೆಂಚಿನ ಸಂದಿಯಲ್ಲಿ ಮಂಜೇ ಒಳಗೆ ಬರುತ್ತದೆ. ಚಳಿಯಾದರೆ ಸ್ವೆಟರ್ ಹಾಕಿಕೊಂಡು ಬಚ್ಚಲ ಒಲೆ ಮುಂದೆ ಕೂರುತ್ತೇವೆ.

ಆದರೂ ಅವನ ಮಾತು ತಲೆಯಲ್ಲಿ ಉಳಿಯಿತು. ಯಾಕೆಂದರೆ ಥರ್ಮೋಸ್ಟಾಟ್ ನಮ್ಮಲ್ಲೂ ಇದೆ, ಗೀಸರ್ ಹೊಟ್ಟೆಯೊಳಗೆ. ನೀರು 60 ಡಿಗ್ರಿ ಮುಟ್ಟಿದಾಗ ಅದು ಕರೆಂಟ್ ಕಡಿಯುತ್ತದೆ, ಸ್ವಲ್ಪ ಆರಿದರೆ ಮತ್ತೆ ಕೊಡುತ್ತದೆ. ನೀರು ಎಷ್ಟು ಬಿಸಿ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ನಾವು ಸ್ನಾನಕ್ಕೆ ಹೋಗುವುದು ಯಾವಾಗ ಅನ್ನುವುದು ಮಾತ್ರ ಗೊತ್ತಿಲ್ಲ. ಸ್ವಿಚ್ ಆರಿಸುವುದನ್ನು ಮರೆತರೆ ನಡುರಾತ್ರಿಯಲ್ಲೂ ನಿಷ್ಠೆಯಿಂದ ನೀರು ಕಾಯಿಸುತ್ತಿರುತ್ತದೆ. ನಮ್ಮ ಮನೆಯಲ್ಲಿ ಮರೆಯುವುದರಲ್ಲಿ ನಾನೇ ಮೊದಲಿಗ.

ಮರೆತರೆ ಎಷ್ಟು ನಷ್ಟ? ನಮ್ಮದು 25 ಲೀಟರ್, 2,000 ವಾಟ್‌ನ ಗೀಸರ್. ಒಂದು ರಾತ್ರಿ ನೀರು 60 ಡಿಗ್ರಿ ಬಿಸಿಯಾದ ಮೇಲೆ ಆರಿಸಿ ಮಲಗಿದೆ. ಹತ್ತು ಗಂಟೆ ಬಿಟ್ಟು ನೋಡಿದರೆ 48 ಡಿಗ್ರಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.2 ಕಿಲೋಜೌಲ್ ಬೇಕು, 3,600 ಕಿಲೋಜೌಲ್ ಸೇರಿದರೆ ಒಂದು ಯೂನಿಟ್. ಹಾಗಾಗಿ ಆ ಹನ್ನೆರಡು ಡಿಗ್ರಿಯ ಲೆಕ್ಕ 0.35 ಯೂನಿಟ್. ದಿನವಿಡೀ ಆನ್ ಇಟ್ಟರೆ 0.9ರ ಹತ್ತಿರ, ತಿಂಗಳಿಗೆ ಸುಮಾರು 27. ಇದೆಲ್ಲ ಬರೀ ಬಚ್ಚಲ ಗಾಳಿಗೆ ಹೋಗುವ ಬಿಸಿ.

"ಆರಿದ ನೀರನ್ನು ಮತ್ತೆ ಕಾಯಿಸೋಕೆ ಜಾಸ್ತಿ ಕರೆಂಟ್ ಬೇಕು, ಆನ್ ಇಟ್ಟರೇ ಲಾಭ" ಎಂದು ಹೇಳುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಅದು ತಪ್ಪು. ಸುತ್ತಲಿನ ಗಾಳಿಗಿಂತ ನೀರು ಎಷ್ಟು ಹೆಚ್ಚು ಬಿಸಿಯೋ ಅಷ್ಟು ಬೇಗ ಬಿಸಿ ಕಳೆದುಕೊಳ್ಳುತ್ತದೆ. ಆರುತ್ತಾ ಬಂದ ಹಾಗೆ ಸೋರಿಕೆಯೂ ನಿಧಾನವಾಗುತ್ತದೆ. ಸದಾ 60ರಲ್ಲೇ ಹಿಡಿದಿಟ್ಟರೆ ಸೋರಿಕೆ ಸದಾ ಜೋರಾಗಿಯೇ ಇರುತ್ತದೆ.

27 ಯೂನಿಟ್ ದೊಡ್ಡದೇನಲ್ಲ ಅನಿಸಬಹುದು. ಆದರೆ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 190ರ ಆಸುಪಾಸಿನಲ್ಲಿ ಓಡಾಡುವ ಮನೆಗೆ ಇದು ಸಣ್ಣ ಲೆಕ್ಕವಲ್ಲ, ಅಲ್ವಾ?

ಹಾಗಾದರೆ ಟೈಮರ್ ತರೋಣ ಅಂದುಕೊಂಡೆ. ತೊಡಕು ಇರುವುದು ಇಲ್ಲೇ. ಚಳಿಗಾಲದಲ್ಲಿ ನಮ್ಮ ಟ್ಯಾಂಕಿನ ನೀರು 18 ಡಿಗ್ರಿ. ಅದನ್ನು 60ಕ್ಕೆ ತರಲು 2,000 ವಾಟ್‌ನಲ್ಲಿ 37 ನಿಮಿಷ ಸಾಕು. ಆದರೆ ಅದು 230 ವೋಲ್ಟ್ ಇದ್ದಾಗಿನ ಮಾತು. ಕೆಲವು ದಿನ ನಮ್ಮಲ್ಲಿ 180ಕ್ಕೆ ಇಳಿಯುತ್ತದೆ. ವೋಲ್ಟೇಜ್ ಇಳಿದದ್ದು ಕಾಲುಭಾಗಕ್ಕಿಂತ ಕಡಿಮೆಯೇ ಆದರೂ, ಬಿಸಿ ಮಾಡುವ ಶಕ್ತಿ ವೋಲ್ಟೇಜನ್ನು ಅದರಿಂದಲೇ ಗುಣಿಸಿದ (ವರ್ಗದ) ಲೆಕ್ಕದಲ್ಲಿ ಕುಗ್ಗುತ್ತದೆ. 2,000 ವಾಟ್‌ನ ಗೀಸರ್ 1,225 ವಾಟ್‌ನದ್ದಾಗಿಬಿಡುತ್ತದೆ. 37 ನಿಮಿಷದ ಕೆಲಸ ಒಂದು ಗಂಟೆ ಹಿಡಿಯುತ್ತದೆ. ಟೈಮರ್‌ಗೆ ಇದು ತಿಳಿಯುವುದಿಲ್ಲ. ಅದು ಗಡಿಯಾರ ಮಾತ್ರ. ಹೊತ್ತು ಮುಗಿದ ಕೂಡಲೇ ಬಂದ್, ನೀವು ಉಗುರುಬೆಚ್ಚಗಿನ ನೀರಲ್ಲಿ ನಡುಗಬೇಕು.

ಇನ್ನು ಮಳೆಗಾಲ. ಕೊಂಬೆ ತಂತಿ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳೋಕಾಗಲ್ಲ. ಸುತ್ತಲೂ ಹಲ್ಲಿರುವ ಅಗ್ಗದ ಟೈಮರ್ ಕರೆಂಟ್ ಹೋದಾಗ ಅಲ್ಲೇ ನಿಂತುಬಿಡುತ್ತದೆ. ನಾಲ್ಕು ಗಂಟೆ ಹೋಗಿದ್ದರೆ ಆರರ ಬಿಸಿನೀರು ಹತ್ತಕ್ಕೆ. ಅಷ್ಟು ಹೊತ್ತಿಗೆ ಮಕ್ಕಳು ಶಾಲೆ ಸೇರಿರುತ್ತಾರೆ.

ಇದಕ್ಕೆ ಕೆನಡಾ, ಅಮೆರಿಕದವರು ನಗಬೇಕಾಗಿಲ್ಲ. ಕರೆಂಟ್ ಉಳಿಸುವ ಉಪಕರಣಗಳಿಗೆ ಮುದ್ರೆ ಒತ್ತುವ ಅಮೆರಿಕದ ಎನರ್ಜಿ ಸ್ಟಾರ್ ಯೋಜನೆ 2009ರ ಕೊನೆಗೆ ಪ್ರೋಗ್ರಾಮೆಬಲ್ ಥರ್ಮೋಸ್ಟಾಟ್‌ಗಳಿಗೆ ತನ್ನ ಮುದ್ರೆ ಕೊಡುವುದನ್ನೇ ನಿಲ್ಲಿಸಿತು. ಡಬ್ಬಿ ಕೆಟ್ಟದ್ದೆಂದಲ್ಲ. ತಂದವರಲ್ಲಿ ಎಷ್ಟೋ ಜನ ಅದಕ್ಕೆ ವೇಳೆಯನ್ನೇ ಹೊಂದಿಸುತ್ತಿರಲಿಲ್ಲ, ನಿರೀಕ್ಷಿಸಿದ ಉಳಿತಾಯ ಕಾಣಲಿಲ್ಲ. ಸ್ವಿಚ್ ಮರೆಯುವವರು ಟೈಮರ್ ಹೊಂದಿಸುವುದನ್ನೂ ಮರೆಯುತ್ತಾರೆ.

"ನೀವು ಸ್ವಿಚ್ ಆರಿಸಿದರೆ ಒಂದು ಪೈಸೆ ಖರ್ಚಿಲ್ಲ" ಅಂದಳು ಹೆಂಡತಿ. ಸರಿಯೇ. ಆದರೆ ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ಕೊನೆಗೆ ಬ್ಯಾಟರಿ ಇರುವ, 16 ಆಂಪಿಯರ್ ತಡೆಯುವ ಟೈಮರ್ ತಂದೆ. ಗೀಸರ್ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ, ಚಿಕ್ಕ ಪ್ಲಗ್ಗಿನದ್ದು ಸುಟ್ಟುಹೋಗುತ್ತದೆ. ಬೆಳಿಗ್ಗೆ ಐದರಿಂದ ಆರೂಕಾಲರವರೆಗೆ ಹೊಂದಿಸಿದ್ದೇನೆ. ನೀರು ಮೊದಲೇ ಕಾದರೆ ಒಳಗಿನ ಥರ್ಮೋಸ್ಟಾಟ್ ನೋಡಿಕೊಳ್ಳುತ್ತದೆ. ಜೂನ್‌ಗೆ ಹಂಡೆ ಇದೆ. ಕಾಫಿ ಗಿಡದ ಸೌದೆಯನ್ನು ಏಪ್ರಿಲ್‌ನಲ್ಲೇ ಒಣಗಿಸಿ ಒಳಗೆ ಹಾಕಿಸಿದೆವು.