ಚೀಟಿ ಬೇರೆ, ಅಪ್ಪಣೆ ಬೇರೆ

ಜೂನ್ ಹಿಡಿದರೆ ಶಿರಸಿಯಲ್ಲಿ ಕೆಮ್ಮದ ಮನೆಯಿಲ್ಲ. ಹೊರಗೆ ಬಿಡದ ಮಳೆ, ಒಳಗೆ ಒಣಗದ ಬಟ್ಟೆ, ಮೂಲೆಯಲ್ಲೊಬ್ಬರ ಕೆಮ್ಮು. ಇದೇ ಹೊತ್ತಿನಲ್ಲಿ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಓಟದ ಹುಡುಗರು, ಕುಸ್ತಿಯ ಹುಡುಗಿಯರು ನನ್ನ ಚಿಕಿತ್ಸಾಲಯಕ್ಕೆ ಬರುತ್ತಾರೆ. ಒಬ್ಬರಿಗೆ ಮೊಣಕಾಲು, ಇನ್ನೊಬ್ಬರಿಗೆ ಸೊಂಟ. ಕೆಮ್ಮು ಮಾತ್ರ ಎಲ್ಲರಿಗೂ. ಅದಕ್ಕೆ ಏನು ಕುಡಿಯುತ್ತಿದ್ದೀ ಎಂದು ಕೇಳಿದರೆ ಮಕ್ಕಳು ನೆಲ ನೋಡುತ್ತಾರೆ, ಪಾಲಕರು ಕೊಡುವ ಉತ್ತರ ಒಂದೇ: ‘ಸುಮ್ಮನೆ ಕೊಟ್ಟದ್ದಲ್ಲ ಡಾಕ್ಟರೇ, ಚೀಟಿ ಇದೆ.’

ಈ ಮಾತನ್ನು ಎಷ್ಟು ವರ್ಷದಿಂದ ಕೇಳುತ್ತಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ಸಮಾಧಾನದಿಂದಲೇ ಉತ್ತರ ಆರಂಭಿಸುತ್ತೇನೆ, ಕೊನೆಗೆ ದನಿ ಏರಿಬಿಡುತ್ತದೆ. ಆದ್ದರಿಂದ ಒಮ್ಮೆ ಬರೆದೇ ಹೇಳುತ್ತೇನೆ.

ವೈದ್ಯರ ಚೀಟಿ ಹೇಳುವುದು ಒಂದೇ ಸಂಗತಿ. ಈ ಕಾಯಿಲೆಗೆ ಈ ಔಷಧಿ ಸರಿ ಎಂದು. ಆ ಔಷಧಿ ಮೈಯಲ್ಲಿರುವಾಗ ಸ್ಪರ್ಧೆಗೆ ಇಳಿಯಬಹುದು ಎಂದು ಅದು ಹೇಳುವುದಿಲ್ಲ, ಹೇಳುವ ಅಧಿಕಾರ ಅದಕ್ಕಿಲ್ಲ. ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಸಲು ನಾನು ಮರದ ಮಾತು ತೆಗೆಯುತ್ತೇನೆ. ಮರ ನಿಮ್ಮದೇ ಮಾಲ್ಕಿ ಜಾಗದ್ದು, ಅಜ್ಜ ನೆಟ್ಟದ್ದು, ಪಹಣಿಯಲ್ಲಿ ನಿಮ್ಮದೇ ಹೆಸರು. ಆದರೂ ಅರಣ್ಯ ಇಲಾಖೆಯ ಪಾಸು ಇಲ್ಲದಿದ್ದರೆ ಲಾರಿ ನಾಕಾ ದಾಟುವುದಿಲ್ಲ. ನಾಕಾದಲ್ಲಿ ಪಹಣಿ ಹಿಡಿದು ಎಷ್ಟು ವಾದಿಸಿದರೂ ಕೇಳುವುದು ಪಾಸನ್ನೇ. ಚೀಟಿ ಎಂದರೆ ಪಹಣಿ. ಪಾಸಿಗೆ ಕ್ರೀಡೆಯಲ್ಲಿರುವ ಹೆಸರು ಚಿಕಿತ್ಸಾ ವಿನಾಯಿತಿ, ಅಂದರೆ ನಿಷಿದ್ಧ ಔಷಧಿಯನ್ನು ಚಿಕಿತ್ಸೆಗೆಂದು ಬಳಸಲು ಅಪ್ಪಣೆ. ಅದನ್ನು ಕೊಡುವವರು ವೈದ್ಯರಲ್ಲ. ದೇಶದೊಳಗಿನ ಸ್ಪರ್ಧಿಗಳಿಗೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ನಾಡಾ. ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿದವರಿಗೆ ಆಯಾ ಆಟದ ಅಂತರರಾಷ್ಟ್ರೀಯ ಒಕ್ಕೂಟ ಅಥವಾ ಕೂಟದ ಸಂಘಟಕರು. ಸ್ಪರ್ಧೆಗೆ ಕನಿಷ್ಠ ಮೂವತ್ತು ದಿನ ಮೊದಲೇ ವೈದ್ಯಕೀಯ ದಾಖಲೆಗಳ ಸಮೇತ ಅರ್ಜಿ ಹೋಗಬೇಕು. ಪ್ರಾಣಕ್ಕೆ ಬಂದಾಗ ಮೊದಲು ಚಿಕಿತ್ಸೆ, ಅರ್ಜಿ ಆಮೇಲೆ. ಅದಕ್ಕೆ ನಿಯಮದಲ್ಲೇ ಅವಕಾಶವಿದೆ.

‘ಉದ್ದೀಪನ ಮದ್ದು’ ಎಂಬ ನಮ್ಮ ಪದವೂ ದಾರಿ ತಪ್ಪಿಸುತ್ತದೆ ಎಂದು ನನಗೆ ಅನ್ನಿಸಿದೆ. ಆ ಹೆಸರು ಕೇಳಿದರೆ ಕಣ್ಣ ಮುಂದೆ ಬರುವುದು ಸೂಜಿ, ಕಳ್ಳತನ, ಉಬ್ಬಿದ ತೋಳು. ಮೆತ್ತಿಯ ಮೇಲಿನ ಕಪಾಟಿನಲ್ಲಿರುವ ಕೆಮ್ಮಿನ ಸಿರಪ್ ಯಾರ ಕಣ್ಣಿಗೂ ಬರುವುದಿಲ್ಲ.

ಆ ಸಿರಪ್ಪಿನ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ದೇಶದಲ್ಲಿ ಧಾರಾಳವಾಗಿ ಬರೆಯುವ ಒಂದು ಬಗೆಯ ಕಫದ ಸಿರಪ್ಪಿನಲ್ಲಿ ಮೂರು ಔಷಧಿಗಳಿರುತ್ತವೆ: ಬ್ರೋಮ್‌ಹೆಕ್ಸಿನ್, ಗ್ವೈಫೆನೆಸಿನ್, ಟರ್ಬುಟಲಿನ್. ಮೊದಲ ಎರಡಕ್ಕೆ ತಕರಾರಿಲ್ಲ. ಮೂರನೆಯದು ಶ್ವಾಸನಾಳ ಹಿಗ್ಗಿಸುವ ಔಷಧಿ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ (ವಾಡಾ) ಪಟ್ಟಿಯಲ್ಲಿ ಅದು ಸ್ಪರ್ಧೆಯ ದಿನ ಮಾತ್ರವಲ್ಲ, ವರ್ಷದ ಎಲ್ಲ ದಿನವೂ ನಿಷಿದ್ಧ. ಇನ್ನೊಂದು ಬಗೆಯಲ್ಲಿ ಟರ್ಬುಟಲಿನ್ ಬದಲು ಸಾಲ್ಬ್ಯುಟಮಾಲ್ ಅಥವಾ ಲಿವೊಸಾಲ್ಬ್ಯುಟಮಾಲ್ ಇರುತ್ತದೆ. ಸಾಲ್ಬ್ಯುಟಮಾಲನ್ನು ಇನ್‌ಹೇಲರಿನಲ್ಲಿ ಎಳೆದುಕೊಂಡರೆ ಮಿತಿಯೊಳಗೆ ಒಪ್ಪಿತ, ಇಪ್ಪತ್ತನಾಲ್ಕು ಗಂಟೆಗೆ 1600 ಮೈಕ್ರೊಗ್ರಾಂ, ಯಾವುದೇ ಎಂಟು ಗಂಟೆಯಲ್ಲಿ 600ಕ್ಕಿಂತ ಹೆಚ್ಚಿಲ್ಲದಂತೆ. ಅದೇ ಔಷಧಿಯನ್ನು ಚಮಚದಲ್ಲಿ ಕುಡಿದರೆ ನಿಷಿದ್ಧ. ಮೂಗಿನ ನೆಗಡಿಗೆ ಕೊಡುವ ಕೆಲವು ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್ ಇರುತ್ತದೆ, ಸ್ಪರ್ಧೆಯ ಹೊತ್ತಿನಲ್ಲಿ ಮೂತ್ರದಲ್ಲಿ ಒಂದು ಮಿಲಿಲೀಟರಿಗೆ 150 ಮೈಕ್ರೊಗ್ರಾಂ ದಾಟಿದರೆ ತಪ್ಪು. ಅಂಗಡಿಯಲ್ಲಿ ಒಂದೇ ಹೆಸರಿನ ಬಾಲಕ್ಕೆ ‘ಪ್ಲಸ್’ ಎಂದೋ ‘ಡಿ’ ಎಂದೋ ಸೇರಿದರೆ ಒಳಗಿನ ಔಷಧಿಯೇ ಬದಲಾಗಿರುತ್ತದೆ. ಹೆಸರು ನೋಡಿ ಕೊಳ್ಳುವವರಿಗೆ ಇದು ಗೊತ್ತಾಗುವ ಬಗೆಯೇ ಇಲ್ಲ.

ಅಸ್ತಮಾ ಇರುವ ಮಕ್ಕಳ ಪಾಲಕರು ಇದನ್ನು ಓದಿ ಹೆದರಿ ಪಂಪ್ ನಿಲ್ಲಿಸಬಾರದು. ಖಂಡಿತ ನಿಲ್ಲಿಸಬಾರದು. ನಿಮ್ಮ ವೈದ್ಯರನ್ನು ಕೇಳಿ, ಒಳಗಿನ ಔಷಧಿ ಯಾವುದು, ಪ್ರಮಾಣ ಎಷ್ಟು ಎಂದು ಬರೆಸಿಕೊಳ್ಳಿ.

ಕಳೆದ ಮಳೆಗಾಲದಲ್ಲಿ ಯಲ್ಲಾಪುರದ ಕಡೆಯ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಗೆ ಹದಿನಾರು. ಭಾರತದ ಕಿರಿಯರ ತಂಡದ ಶಿಬಿರಕ್ಕೆ ಕರೆ ಬಂದಿತ್ತು, ರೈಲು ಮರುದಿನ. ಪಾದದ ಉಳುಕು ನೋಡಿ ಮುಗಿಸಿ ಚೀಲ ಬಿಚ್ಚಿಸಿದೆ. ಇದು ನನ್ನ ಪದ್ಧತಿ, ಯಾರೂ ತಪ್ಪು ತಿಳಿಯುವುದಿಲ್ಲ. ಮೇಜಿನ ಮೇಲೆ ಒಂದೊಂದಾಗಿ ಬಂದವು: ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ, ಬಾಯಿಗೆ ಬಟ್ಟೆ ಕಟ್ಟಿದ್ದು, ಕೊತ್ತಂಬರಿ ಜೀರಿಗೆ ಹುರಿದು ಮಾಡಿದ ಕಷಾಯದ ಪುಡಿ, ತುಪ್ಪದ ಡಬ್ಬಿ, ಎರಡು ಕಟ್ಟು ತೊಡದೇವು. ಅವನ್ನೆಲ್ಲ ಹಾಗೆಯೇ ವಾಪಸು ತುಂಬಿಸಿದೆ. ಮನೆಯ ಅಡುಗೆಗೆ ನನ್ನ ಅಡ್ಡಿಯಿಲ್ಲ, ಮುರುಗಲ ಪಾನಕ ಕುಡಿದು ಯಾರೂ ಸಿಕ್ಕಿಬಿದ್ದಿಲ್ಲ. ತಳದಲ್ಲಿ ಮೂರು ವಸ್ತು ಉಳಿದವು. ಅರ್ಧ ಖಾಲಿಯಾದ ಸಿರಪ್, ಮುಚ್ಚಳದ ಸುತ್ತ ಸಕ್ಕರೆ ಹರಳುಗಟ್ಟಿತ್ತು. ಒಂದು ಕಡೆ ಕತ್ತರಿಸಿದ ಮಾತ್ರೆಯ ಪಟ್ಟಿ, ಹೆಸರಿದ್ದ ಭಾಗವೇ ಹೋಗಿತ್ತು. ಮತ್ತೆ ಹಳೆಯ ಪತ್ರಿಕೆಯ ತುಂಡಿನಲ್ಲಿ ಮಡಚಿದ ಕಂದು ಪುಡಿ.

‘ಪುಡಿ ಎಂತಕ್ಕೆ ಅಜ್ಜಿ?’ ಎಂದೆ.

‘ಗಂಟುನೋವಿಗೆ ಡಾಕ್ಟರೇ. ನನಗೆ ಎರಡೇ ದಿನದಲ್ಲಿ ಇಳಿಯಿತು. ಪಾಪ, ಕೂಸು ಅಲ್ಲಿ ಯಾರ ಹತ್ತಿರ ಹೇಳಿಕೊಳ್ಳುತ್ತದೆ?’

ಎರಡೇ ದಿನದಲ್ಲಿ ಗಂಟುನೋವು ಇಳಿಸುವ ಹೆಸರಿಲ್ಲದ ಪುಡಿ ಎಂದರೆ ನನಗೆ ಮೊದಲು ಬರುವ ಅನುಮಾನ ಸ್ಟೀರಾಯ್ಡಿನದು. ಪರೀಕ್ಷೆ ಮಾಡಿಸದೆ ಇದರಲ್ಲಿ ಇಂಥದ್ದೇ ಇದೆ ಎಂದು ಹೇಳಲಾರೆ. ಆದರೆ ಹೀಗೆ ಬೆರೆಸಿ ಮಾರುವುದು ವೈದ್ಯರಾದ ನಮಗೆ ಹೊಸದಲ್ಲ. ಪ್ರೆಡ್ನಿಸೊಲೋನಿನಂಥ ಸ್ಟೀರಾಯ್ಡ್ ಬಾಯಿಂದ ಹೋದರೂ ಸೂಜಿಯಿಂದ ಹೋದರೂ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ. ಕೀಲಿನೊಳಗೆ ಕೊಡುವ ಚುಚ್ಚುಮದ್ದನ್ನೂ 2022ರಿಂದ ಸೇರಿಸಿದ್ದಾರೆ. ಸ್ಪರ್ಧೆಯ ಅವಧಿ ಎಂದರೆ ಸೀಟಿ ಊದಿದ ಮೇಲಲ್ಲ, ಸಾಮಾನ್ಯವಾಗಿ ಹಿಂದಿನ ರಾತ್ರಿ 11 ಗಂಟೆ 59 ನಿಮಿಷದಿಂದ. ಔಷಧಿ ಮೈಯಿಂದ ಇಳಿಯಲು ಅದಕ್ಕೂ ಮೊದಲೇ ದಿನಗಳು ಬೇಕು.

ನಾಟಿ ಮದ್ದು ಪ್ರಕೃತಿಯದ್ದು, ಅದರಲ್ಲೇನು ದೋಷ ಎನ್ನುವವರಿಗೆ ನಮ್ಮ ಬೆಟ್ಟದ ಕಾಸರಕನ ಮರವನ್ನು ತೋರಿಸುತ್ತೇನೆ. ಅದರ ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ಶುದ್ಧಿ ಮಾಡಿದ ಬೀಜ ಆಯುರ್ವೇದದ ವಿಷತಿಂದುಕ ವಟಿಯಂಥ ಗುಳಿಗೆಗಳಲ್ಲಿ ಬಳಕೆಯಲ್ಲಿದೆ. ಬಲ್ಲ ವೈದ್ಯರು ಕೊಟ್ಟಾಗ ಅದರ ಗುಣದ ಬಗ್ಗೆ ನಾನು ಮಾತಾಡುವುದಿಲ್ಲ, ಅದು ನನ್ನ ವಿದ್ಯೆಯಲ್ಲ. ಆದರೆ ಸ್ಟ್ರಿಕ್ನಿನ್ ಸ್ಪರ್ಧೆಯಲ್ಲಿ ನಿಷಿದ್ಧ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕಿರ್ಗಿಸ್ತಾನದ ಭಾರ ಎತ್ತುವ ಸ್ಪರ್ಧಿ ಇಜ್ಜತ್ ಆರ್ತಿಕೋವ್ ಕಂಚಿನ ಪದಕ ಕಳೆದುಕೊಂಡದ್ದು ಇದರಿಂದಲೇ.

ಅಜ್ಜಿ ಕೊನೆಗೆ ಚೀಲದ ಬದಿಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. ಸಿರಪ್ಪಿನ ಚೀಟಿ. ನಾನು ಅದನ್ನು ಬದಿಗಿಟ್ಟು ಆಂಡ್ರಿಯಾ ರಾಡುಕಾನ್ ಕಥೆ ಹೇಳಿದೆ. 2000ದ ಸಿಡ್ನಿ ಒಲಿಂಪಿಕ್ಸ್, ರುಮೇನಿಯಾದ ಜಿಮ್ನಾಸ್ಟ್, ಇದೇ ಹದಿನಾರರ ಹುಡುಗಿ. ನೆಗಡಿಯಾಗಿತ್ತು. ಮಾತ್ರೆ ಕೊಟ್ಟವರು ಬೀದಿಯಲ್ಲಿ ಹೋಗುವವರಲ್ಲ, ಸ್ವತಃ ತಂಡದ ವೈದ್ಯರು. ಅದರಲ್ಲಿ ಸ್ಯೂಡೋಎಫೆಡ್ರಿನ್ ಇತ್ತು. ವೈಯಕ್ತಿಕ ಸಮಗ್ರ ವಿಭಾಗದಲ್ಲಿ ಗೆದ್ದ ಚಿನ್ನ ಹೋಯಿತು. ಹುಡುಗಿ ಮೋಸ ಮಾಡಿದಳೆಂದು ಯಾರೂ ಹೇಳಲಿಲ್ಲ, ಅವಳಿಗೆ ನಿಷೇಧವನ್ನೂ ಹಾಕಲಿಲ್ಲ, ನಿಷೇಧ ಬಿದ್ದದ್ದು ವೈದ್ಯರಿಗೆ. ಪದಕ ಮಾತ್ರ ಮರಳಲಿಲ್ಲ. ಎರಡು ವರ್ಷದ ನಂತರ ಸಾಲ್ಟ್ ಲೇಕ್ ಸಿಟಿಯ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಸ್ಕೀಯಿಂಗ್ ಸ್ಪರ್ಧಿ ಅಲೈನ್ ಬ್ಯಾಕ್ಸ್‌ಟರ್ ತನ್ನ ಊರಿನಲ್ಲಿ ಬಳಸುತ್ತಿದ್ದ ಮೂಗಿನ ವಿಕ್ಸ್ ಇನ್‌ಹೇಲರನ್ನೇ ಅಮೆರಿಕದಲ್ಲಿ ಕೊಂಡ. ಹೆಸರು ಅದೇ, ಒಳಗಿನ ಔಷಧಿ ಬೇರೆ. ಅವನ ಪ್ರಾಮಾಣಿಕತೆಯನ್ನು ಎಲ್ಲರೂ ಒಪ್ಪಿದರು. ಕಂಚು ಹೋಯಿತು.

ನಿಯಮದ ತಿರುಳು ಇಷ್ಟೇ. ಯಾರು ಕೊಟ್ಟರು, ಏಕೆ ಕೊಟ್ಟರು ಎಂಬುದು ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಬರುವ ಪ್ರಶ್ನೆ. ಹದಿನಾರು ತುಂಬದ ಮಕ್ಕಳಿಗೆ, ಕೆಲವು ಷರತ್ತಿನೊಂದಿಗೆ ಹದಿನೆಂಟರ ಒಳಗಿನವರಿಗೂ, ಅಲ್ಲಿ ರಿಯಾಯಿತಿ ಇದೆ. ಆದರೆ ಆ ಸ್ಪರ್ಧೆಯ ಫಲಿತಾಂಶ ತಾನಾಗಿಯೇ ರದ್ದಾಗುತ್ತದೆ, ತಪ್ಪೇ ಇಲ್ಲ ಎಂದು ಸಾಬೀತಾದರೂ.

ಪರೀಕ್ಷೆಯ ಕೋಣೆಯ ಬಗ್ಗೆಯೂ ಮಕ್ಕಳಿಗೆ ಮೊದಲೇ ಹೇಳಿಡಬೇಕು. ಗೆದ್ದ ಖುಷಿಯಲ್ಲಿರುವಾಗಲೇ ಒಬ್ಬರು ಬಂದು ಜೊತೆಗೆ ನಿಲ್ಲುತ್ತಾರೆ, ಮಾದರಿ ಕೊಡುವವರೆಗೆ ಬಿಡುವುದಿಲ್ಲ. ಕನಿಷ್ಠ 90 ಮಿಲಿಲೀಟರ್ ಮೂತ್ರ, ಕಣ್ಣೆದುರೇ ಕೊಡಬೇಕು. ಹಳ್ಳಿಯ ಹುಡುಗಿಗೆ ಅದು ನಾಚಿಕೆಯಿಂದ ಸಾಯುವ ಗಳಿಗೆ. ಹದಿನೆಂಟರೊಳಗಿನವರು ತಮ್ಮ ಕಡೆಯ ಹಿರಿಯರೊಬ್ಬರನ್ನು ಜೊತೆಗೆ ಕರೆಯಬಹುದು, ಬಾಯಿಬಿಟ್ಟು ಕೇಳಬೇಕು. ಕಳೆದ ಏಳು ದಿನಗಳಲ್ಲಿ ಏನು ತೆಗೆದುಕೊಂಡೆ ಎಂದು ಫಾರ್ಮಿನಲ್ಲಿ ಕೇಳುತ್ತಾರೆ. ಹೆದರಿದ ಮಕ್ಕಳು ‘ಏನೂ ಇಲ್ಲ’ ಎಂದು ಬರೆದುಬಿಡುತ್ತಾರೆ. ಆಮೇಲೆ ನಿಜ ಹೇಳಿದರೂ ನಂಬುವುದು ಕಷ್ಟವಾಗುತ್ತದೆ.

ಈ ಮಕ್ಕಳ ವಯಸ್ಸು ನೆನೆದರೆ ನನಗೆ ಸಂಕಟವಾಗುತ್ತದೆ. 2018ರಲ್ಲಿ ಬ್ಯೂನಸ್ ಐರಿಸ್‌ನ ಯುವ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತುವ ಸ್ಪರ್ಧೆಯ 62 ಕಿಲೊ ವಿಭಾಗದ ಚಿನ್ನ ಗೆದ್ದ ಮಿಜೋರಾಮಿನ ಜೆರೆಮಿ ಲಾಲ್ರಿನ್ನುಂಗಾಗೆ ಆಗ ಹದಿನೈದು. 2026ರ ಡಾಕರ್ ಯುವ ಒಲಿಂಪಿಕ್ಸ್ ಕೂಟವೂ ಹದಿನೇಳು ವರ್ಷದವರೆಗಿನವರದ್ದು. ಅವರ ಚೀಲ ತುಂಬುವವರು ನಾವು, ಲೇಬಲ್ ಓದಬೇಕಾದವರೂ ನಾವು.

ನಾನು ಬಹಳ ಹಿಂದೆ ಒಬ್ಬ ಓಟದ ಹುಡುಗನಿಗೆ ಟರ್ಬುಟಲಿನ್ ಇರುವ ಸಿರಪ್ಪನ್ನೇ ಬರೆದಿದ್ದೆ. ಏನು ಆಡುತ್ತೀ ಎಂದು ಕೇಳಿರಲಿಲ್ಲ. ಅವನನ್ನು ಪರೀಕ್ಷೆಗೆ ಕರೆಯಲಿಲ್ಲ, ಅಷ್ಟೇ. ಆದ್ದರಿಂದ ನನ್ನಂಥವರ ಮುಂದೆ ಕುಳಿತ ಕೂಡಲೇ ಹೇಳಿ, ‘ನಾನು ಕ್ರೀಡಾಪಟು, ನನ್ನನ್ನು ಪರೀಕ್ಷಿಸುತ್ತಾರೆ’ ಎಂದು. ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಔಷಧಿಯ ಹೆಸರು ಹಾಕಿ ನೋಡಿ. ಪಟ್ಟಿ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತದೆ, ಆದ್ದರಿಂದ ಈ ಲೇಖನವನ್ನು ಕತ್ತರಿಸಿಟ್ಟು ಮುಂದಿನ ವರ್ಷ ನಂಬಬೇಡಿ.

ಅಜ್ಜಿ ಪುಡಿಯನ್ನು ಮಾತ್ರ ಬಿಟ್ಟುಕೊಡಲು ಒಪ್ಪಲಿಲ್ಲ, ತಮ್ಮ ಸೆರಗಿನಲ್ಲಿ ಕಟ್ಟಿಕೊಂಡರು. ಸಿರಪ್ ನನ್ನ ಕಸದ ಬುಟ್ಟಿಗೆ ಹೋಯಿತು. ಹುಡುಗಿ ಇಷ್ಟು ಹೊತ್ತೂ ಮಾತಾಡಿರಲಿಲ್ಲ, ಹೊರಡುವಾಗ ನನ್ನ ಮೊಬೈಲ್ ಸಂಖ್ಯೆ ಕೇಳಿ ಬರೆದುಕೊಂಡಳು. ಎಂಟು ದಿನದ ನಂತರ ರಾತ್ರಿ ಹತ್ತಕ್ಕೆ ಶಿಬಿರದಿಂದ ಒಂದು ಚಿತ್ರ ಬಂತು: ಔಷಧಿಯ ಬಾಟಲಿ, ಮುಂಬದಿ. ಕೆಳಗೆ ‘ಕುಡಿಯಲೇ ಸರ್?’ ಎಂದಿತ್ತು. ಬಾಟಲಿ ತಿರುಗಿಸಿ ಹಿಂಬದಿಯ ಚಿತ್ರ ಕಳಿಸು, ಅಲ್ಲಿಯವರೆಗೆ ಬಿಸಿನೀರು ಕುಡಿ ಎಂದು ಬರೆದೆ.