ಒದೆನ್ ಮೂಲಂಗಿ ವೆಜ್ ಅಲ್ಲ, ಇನ್ನೊಮ್ಮೆ ಹೇಳ್ತೀನಿ

ಪ್ರಶ್ನೆ: ಜನವರಿಯಲ್ಲಿ ಟೋಕಿಯೋಗೆ ಹೋಗ್ತಿದ್ದೀವಿ. ನಾವು ಸಸ್ಯಾಹಾರಿಗಳು. ಅಲ್ಲಿನ ಕೊಂಬಿನಿಗಳಲ್ಲಿ, ಅಂದರೆ ದಿನಬಳಕೆ ಸಾಮಾನು, ತಿಂಡಿ ಮಾರೋ ಸಣ್ಣ ಅಂಗಡಿಗಳಲ್ಲಿ, ಬಿಸಿಬಿಸಿಯಾಗಿ ಏನು ತಿನ್ನಬಹುದು? ಒದೆನ್ ಅಂತ ಸಾರಿನಲ್ಲಿ ಬೇಯಿಸಿಟ್ಟು ಮಾರೋ ತಿನಿಸಿದೆಯಲ್ಲ, ಅದರಲ್ಲಿರೋ ಮೂಲಂಗಿ ಆಗುತ್ತೆ ಅಲ್ವಾ?

ಉತ್ತರ: ಆಗಲ್ಲ. ಚಳಿಗಾಲ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತೆ, ಜೊತೆಗೆ "ನಮ್ಮ ಭಾವ ತಿಂದಿದ್ದಾರೆ, ಬರೀ ತರಕಾರಿ" ಅನ್ನೋ ಮಾತೂ ಇರುತ್ತೆ.

ಕೌಂಟರ್ ಪಕ್ಕದ ಆ ಪಾತ್ರೆಯನ್ನು ಸ್ವಲ್ಪ ಬಗ್ಗಿ ನೋಡಿ. ಎರಡು ಬೆರಳು ದಪ್ಪ ಹೆಚ್ಚಿದ ಮೂಲಂಗಿ ಬಿಲ್ಲೆ ಬಿಳಿಯಾಗಿ ಉಳಿದಿರಲ್ಲ, ಜೇನಿನ ಬಣ್ಣಕ್ಕೆ ತಿರುಗಿರುತ್ತೆ. ಅಷ್ಟು ಹೊತ್ತು ಅದು ಸಾರು ಕುಡಿದಿದೆ. ಆ ಸಾರಿಗೆ ಸೋಯಾ ಸಾಸ್, ಕಡಲಪಾಚಿ ಜೊತೆ ಕತ್ಸುಒಬುಶಿ ಬೀಳುತ್ತೆ. ಅಂದರೆ ಹೊಗೆಯಲ್ಲಿ ಒಣಗಿಸಿ ಕಟ್ಟಿಗೆಯಷ್ಟು ಗಟ್ಟಿ ಮಾಡಿದ ಮೀನು. ಬಡಗಿ ಮರ ಉಜ್ಜಿದಾಗ ಬೀಳುವ ಸುರುಳಿಯಂತೆ ಅದನ್ನು ತೆಳ್ಳಗೆ ಹೆರೆದು ಕುದಿಸುತ್ತಾರೆ. ಊರಿಂದ ಊರಿಗೆ ಸಾರಿನ ರುಚಿ ಬೇರೆ, ಕೆಲವು ಕಡೆ ಕೋಳಿ, ದನದ ಸಾರವನ್ನೂ ಸೇರಿಸುತ್ತಾರೆ.

"ಸಾರು ಬೇಡ, ಹೋಳು ಮಾತ್ರ ಕೊಡಿ ಅಂದ್ರೆ?" ಅಂತೀರಿ. ಮನೆಯಲ್ಲಿ ಮೂಲಂಗಿ ಹುಳಿ ಮಾಡಿದ ಮಾರನೇ ದಿನ ಹೋಳು ಯಾಕೆ ಅಷ್ಟು ರುಚಿ ಹೇಳಿ? ಹುಳಿ ಒಳಗೆ ಇಳಿದಿರುತ್ತೆ. ಇಲ್ಲೂ ಅಷ್ಟೇ. ಪಕ್ಕದಲ್ಲೇ ಮೀನಿನ ಹಿಟ್ಟಿನ ಚಿಕುವಾ, ದನದ ಸ್ನಾಯುವಿನ ಕಡ್ಡಿಗಳೂ ಬೇಯುತ್ತಿರುತ್ತವೆ. ತೋಫು, ಕೊನ್ಯಾಕು (ಒಂದು ಗೆಡ್ಡೆಯಿಂದ ಮಾಡುವ ಜೆಲ್ಲಿಯಂಥದ್ದು), ಮೊಟ್ಟೆ ಯಾವುದಕ್ಕೂ ವಿನಾಯಿತಿ ಇಲ್ಲ.

ಅಲರ್ಜಿ ಪಟ್ಟಿ ನೋಡಿ ತಗೊಂಡ್ವಿ ಅನ್ನುವವರೂ ಇದ್ದಾರೆ. ಜಪಾನಿನಲ್ಲಿ ಕಡ್ಡಾಯವಾಗಿ ತೋರಿಸಬೇಕಾದ್ದು ಮೊಟ್ಟೆ, ಹಾಲು, ಗೋಧಿ, ಸಿಗಡಿ, ಏಡಿಯಂಥವು. ಸಾರಿನ ಈ ಮೀನು ಅದರಲ್ಲಿ ಬರೋದೇ ಇಲ್ಲ. ಅದು ಅಲರ್ಜಿ ಇರುವವರಿಗಾಗಿ ಮಾಡಿದ ಪಟ್ಟಿ, ನಮಗಾಗಿ ಅಲ್ಲ.

ಸಿಹಿ ಕೆಂಪು ಕಾಳಿನ ಹೂರಣದ ಬನ್ ಇದೆಯಲ್ಲ, ಅನ್‌ಮಾನ್, ಅದಕ್ಕೂ ಹಂದಿ ಕೊಬ್ಬು ಸೇರಿಸೋದು ಮಾಮೂಲು. ಆಲೂಗಡ್ಡೆಯ ಹ್ಯಾಶ್ ಪೊಟ್ಯಾಟೋವನ್ನು ಕೋಳಿ ಕರಿದ ಎಣ್ಣೆಯಲ್ಲೇ ಕರಿಯುವುದು ಸಾಮಾನ್ಯ.

ಹಾಗಾದರೆ ಏನು ತಿನ್ನೋದು? ಯಾಕಿ ಇಮೋ, ಅಂದರೆ ಸುಟ್ಟ ಗೆಣಸು. ಎಲ್ಲ ಅಂಗಡಿಯಲ್ಲೂ ಸಿಗಲ್ಲ, ಚಳಿಗಾಲದಲ್ಲಿ ಹುಡುಕಿದರೆ ಸಿಗುತ್ತೆ. ಕಾಗದದ ಚೀಲದಲ್ಲಿ ಕೊಡುತ್ತಾರೆ. ಅರ್ಧಕ್ಕೆ ಮುರಿದರೆ ಹಬೆ ಮುಖಕ್ಕೆ ಬಡಿಯುತ್ತೆ, ಒಳಗೆ ಹಳದಿ, ಸಿಪ್ಪೆ ಹತ್ತಿರ ಪಾಕ ಕಟ್ಟಿ ಬೆರಳಿಗೆ ಅಂಟುತ್ತೆ. ನನಗೆ ಕೊಂಬಿನಿಯಲ್ಲಿ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿಲ್ಲ.

ಕೋಳಿ ತಿನ್ನುವವರು ಜೊತೆಗಿದ್ದರೆ ಅವರಿಗೆ ಚಿಂತೆಯೇ ಇಲ್ಲ. ಲಾಸನ್ ಅನ್ನೋ ಕೊಂಬಿನಿಯ ಕರಿದ ಕೋಳಿ ತುಂಡು ಕರಾಗೆ-ಕುನ್ 1986ರಿಂದ ಇದೆ, ಪೊಟ್ಟಣಕ್ಕೆ 5 ತುಂಡು. ಇನ್ನೊಂದು ಕೊಂಬಿನಿ ಫ್ಯಾಮಿಲಿಮಾರ್ಟ್‌ನ ಕರಿದ ಕೋಳಿ ಫಾಮಿಚಿಕಿ 2006ರದ್ದು.

ನೀವು ಕೇಳದಿದ್ದರೂ ಇನ್ನೊಂದು ಮಾತು. ಬಿಲ್ ಮಾಡುವಾಗ ಇಲ್ಲೇ ತಿನ್ನುತ್ತೀರೋ, ಕಟ್ಟಿಕೊಡಬೇಕೋ ಅನ್ನೋದು ಮುಖ್ಯ. 2019ರ ಅಕ್ಟೋಬರ್‌ನಿಂದ ಹೊರಗೆ ಒಯ್ದರೆ ತೆರಿಗೆ 8%, ಅಂಗಡಿಯ ಕುರ್ಚಿಯಲ್ಲೇ ಕೂತು ತಿಂದರೆ 10%. ತೆರಿಗೆ ಬಿಟ್ಟು 200 ಯೆನ್ ಇರುವ ಗೆಣಸಿಗೆ ಹೊರಗಾದರೆ 216, ಒಳಗಾದರೆ 220. ವ್ಯತ್ಯಾಸ 4 ಯೆನ್ ಅಷ್ಟೇ, ಆದರೂ ಒಳಗೆ ತಿನ್ನೋದಾದರೆ ಮೊದಲೇ ಹೇಳಿಬಿಡಿ.