ಜರ್ನಲ್ ಕ್ಲಬ್: ಹೊಸ ಸಂಶೋಧನೆಯನ್ನು ವೈದ್ಯರು ಜಾಲಾಡುವ ಬಗೆ

ಜರ್ನಲ್, ಅಂದರೆ ಸಂಶೋಧನಾ ಪತ್ರಿಕೆಯಲ್ಲಿ ಹೊಸದಾಗಿ ಪ್ರಕಟವಾದ ಲೇಖನವೊಂದನ್ನು ವೈದ್ಯರು ಒಟ್ಟಿಗೆ ಕೂತು ಓದಿ, ಇದನ್ನು ನಂಬಬಹುದಾ, ನಮ್ಮ ರೋಗಿಗಳಿಗೆ ಬಳಸಬಹುದಾ ಎಂದು ಚರ್ಚಿಸುವ ಸಭೆಗೆ ಜರ್ನಲ್ ಕ್ಲಬ್ ಎನ್ನುತ್ತಾರೆ. ಲೇಖನಕ್ಕೆ ಅವರ ಮಾತಿನಲ್ಲಿ ‘ಪೇಪರ್’. ಸಾಮಾನ್ಯವಾಗಿ ಕಿರಿಯ ವೈದ್ಯರೊಬ್ಬರು ಪೇಪರ್ ಆರಿಸಿ, ಮೊದಲೇ ಎಲ್ಲರಿಗೂ ಕಳಿಸಿರುತ್ತಾರೆ. ಸಭೆಯಲ್ಲಿ ಅದನ್ನು ವಿವರಿಸುವವರೂ ಅವರೇ. ಹಿರಿಯರೊಬ್ಬರು ಚರ್ಚೆ ನಡೆಸಿಕೊಡುತ್ತಾರೆ. ಅಂಕಿಅಂಶ ಬಲ್ಲವರು ಒಬ್ಬರಿದ್ದರಂತೂ ಚರ್ಚೆಗೆ ಕಳೆ ಬರುತ್ತದೆ.

ಇದು ಹಳೆಯ ಪದ್ಧತಿ. 19ನೇ ಶತಮಾನದಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಹತ್ತಿರ, ಬೇಕರಿಯೊಂದರ ಮೇಲಿನ ಚಿಕ್ಕ ಕೋಣೆಯಲ್ಲಿ ಕೆಲವರು ಕೂತು ಜರ್ನಲ್ ಓದುತ್ತಿದ್ದರು ಎಂದು ಬ್ರಿಟಿಷ್ ಶಸ್ತ್ರವೈದ್ಯ ಸರ್ ಜೇಮ್ಸ್ ಪ್ಯಾಜೆಟ್ ನೆನಪಿಸಿಕೊಂಡಿದ್ದಾರೆ. 1875ರಲ್ಲಿ ವೈದ್ಯ ವಿಲಿಯಂ ಆಸ್ಲರ್ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇದಕ್ಕೊಂದು ಕ್ರಮ ತಂದರು. ಆಗಿನ ಕಾರಣ ತೀರಾ ಸರಳ: ಜರ್ನಲ್‌ಗಳು ದುಬಾರಿ, ಒಬ್ಬರೇ ಕೊಳ್ಳಲು ಆಗುತ್ತಿರಲಿಲ್ಲ. ಈಗ ಕೊರತೆ ಪೇಪರ್‌ಗಳದ್ದಲ್ಲ. ಬರುವ ರಾಶಿಯಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಆರಿಸುವುದೇ ಕಷ್ಟ.

ಈ ಸಭೆ ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ‘ಕ್ಯಾಸ್ಟ್’ ಎಂಬ ಟ್ರಯಲ್ (ರೋಗಿಗಳಲ್ಲಿ ಚಿಕಿತ್ಸೆಯನ್ನು ಪರೀಕ್ಷಿಸಿ ನೋಡುವ ಅಧ್ಯಯನ) ಒಳ್ಳೆಯ ಉದಾಹರಣೆ. ಹೃದಯಾಘಾತ ಆದವರಲ್ಲಿ ಕೆಲವರಿಗೆ ಎದೆಬಡಿತದ ನಡುವೆ ಹೆಚ್ಚುವರಿ ಬಡಿತಗಳು ಬರುತ್ತವೆ. ಅಂಥವರು ಹಠಾತ್ತಾಗಿ ಸಾಯುವ ಅಪಾಯ ಜಾಸ್ತಿ ಎಂದು ಗೊತ್ತಿತ್ತು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಮಾತ್ರೆಗಳು ಆ ಬಡಿತಗಳನ್ನು ಚೆನ್ನಾಗಿ ಅಡಗಿಸುತ್ತಿದ್ದವು. ಬಡಿತ ಅಡಗಿದರೆ ಜೀವವೂ ಉಳಿಯುತ್ತದೆ, ಅಲ್ವಾ? ವೈದ್ಯರೂ ಹಾಗೇ ನಂಬಿದ್ದರು, ಮಾತ್ರೆ ಬರೆದುಕೊಡುತ್ತಿದ್ದರು. ಕೊನೆಗೆ ಪ್ಲಸೀಬೊ, ಅಂದರೆ ಔಷಧಿಯಿಲ್ಲದ ಮಾತ್ರೆಯ ಜೊತೆ ಹೋಲಿಸಿ ನೋಡಿದರು. ಮಾತ್ರೆ ತೆಗೆದುಕೊಂಡ 755 ಜನರಲ್ಲಿ 63 ಮಂದಿ ತೀರಿಕೊಂಡರು. ಪ್ಲಸೀಬೊ ಪಡೆದ 743 ಜನರಲ್ಲಿ ತೀರಿಕೊಂಡವರು 26. 1989ರಲ್ಲಿ ಈ ಎರಡು ಔಷಧಿಗಳ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಪೂರ್ತಿ ವರದಿ 1991ರಲ್ಲಿ ಬಂತು.

ಆದ್ದರಿಂದ ಜರ್ನಲ್ ಕ್ಲಬ್‌ನಲ್ಲಿ ಏಳಬೇಕಾದ ಮೊದಲ ಪ್ರಶ್ನೆ: ಇವರು ಅಳೆದದ್ದು ಏನನ್ನು? ರಿಪೋರ್ಟಿನಲ್ಲಿರುವ ಒಂದು ಸಂಖ್ಯೆಯನ್ನೋ, ರೋಗಿ ಬದುಕಿದ್ದನ್ನೋ? ಎಷ್ಟೋ ಪೇಪರ್‌ಗಳಲ್ಲಿ ಸಾವು, ಹೃದಯಾಘಾತ, ಆಸ್ಪತ್ರೆಗೆ ದಾಖಲು, ಈ ಮೂರನ್ನೂ ಕೂಡಿಸಿ ಒಂದೇ ಫಲಿತಾಂಶ ಅಂತ ತೋರಿಸುತ್ತಾರೆ. ಬಿಡಿಸಿ ನೋಡಿದರೆ ಸಾವಿನಲ್ಲಿ ವ್ಯತ್ಯಾಸವೇ ಇರದೆ, ಆಸ್ಪತ್ರೆಗೆ ಸೇರುವುದಷ್ಟೇ ಕಡಿಮೆಯಾಗಿರಬಹುದು. ಅದೂ ಲಾಭವೇ. ಆದರೆ ರೋಗಿಗೆ ಹೇಳುವಾಗ ಮಾತು ಬೇರೆಯಾಗಬೇಕು.

ಆಮೇಲೆ ಅಂಕಿ. ‘ಅಪಾಯ ಶೇ 50ರಷ್ಟು ಇಳಿಯಿತು’ ಎಂದು ಸಾರಾಂಶದಲ್ಲಿ ಬರೆದಿದೆ ಅಂದುಕೊಳ್ಳಿ. ಒಳಗೆ ನೋಡಿದರೆ ಔಷಧಿ ಇಲ್ಲದವರಲ್ಲಿ 100ಕ್ಕೆ 2 ಜನರಿಗೆ ತೊಂದರೆಯಾಗಿದೆ, ಔಷಧಿ ಪಡೆದವರಲ್ಲಿ 100ಕ್ಕೆ 1. ಎರಡು ಹೇಳಿಕೆಯೂ ನಿಜ. ಆದರೆ ಒಬ್ಬರಿಗೆ ಲಾಭವಾಗಲು 100 ಜನ ಆ ಔಷಧಿ ತೆಗೆದುಕೊಳ್ಳಬೇಕು. ಈ 100 ಎಂಬ ಸಂಖ್ಯೆಯನ್ನು ವೈದ್ಯರು ಎನ್‌ಎನ್‌ಟಿ (ನಂಬರ್ ನೀಡೆಡ್ ಟು ಟ್ರೀಟ್) ಎನ್ನುತ್ತಾರೆ. ಉಳಿದ 99 ಜನರಲ್ಲಿ ಎಷ್ಟು ಮಂದಿಗೆ ಅಡ್ಡಪರಿಣಾಮ ಆಯಿತು ಎಂದು ಆಗ ಯಾರಾದರೂ ಕೇಳಲೇಬೇಕು. ಇಡೀ ಚರ್ಚೆಯಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಅನ್ನಿಸುವ ಪ್ರಶ್ನೆ ಇದೇ.

ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿದಂತೆ ನಿರ್ಧರಿಸಿದ್ದರಾ, ಮಧ್ಯದಲ್ಲಿ ಬಿಟ್ಟುಹೋದವರು ಎಷ್ಟು, ಹಣ ಕೊಟ್ಟವರು ಯಾರು, ಇವನ್ನೂ ಕೇಳುತ್ತಾರೆ. ಏನನ್ನು ಅಳೆಯುತ್ತೇವೆ ಎಂದು ಎಲ್ಲರೂ ನೋಡಬಹುದಾದ ದಾಖಲೆಯಲ್ಲಿ ಮೊದಲೇ ನೋಂದಾಯಿಸದ ಟ್ರಯಲ್‌ಗಳನ್ನು ಪ್ರಕಟಿಸುವುದಿಲ್ಲ ಎಂದು 2005ರಿಂದ ಪ್ರಮುಖ ವೈದ್ಯಕೀಯ ಜರ್ನಲ್‌ಗಳು ನಿಯಮ ಮಾಡಿಕೊಂಡಿವೆ. ಹಾಗಾಗಿ ಸಂಶೋಧಕರು ಮೊದಲು ಅಳೆಯುತ್ತೇವೆ ಎಂದದ್ದು ಒಂದು, ಕೊನೆಗೆ ಬರೆದದ್ದು ಇನ್ನೊಂದು ಆಗಿದ್ದರೆ ಹಿಡಿಯಬಹುದು.

ಇಲ್ಲಿ ತಜ್ಞರ ಪಾತ್ರ ತೀರ್ಪು ಕೊಡುವುದಲ್ಲ. ದೊಡ್ಡ ಜರ್ನಲ್ಲಿನಲ್ಲಿ ಬಂದಿದೆ, ದೊಡ್ಡವರು ಬರೆದಿದ್ದಾರೆ ಅಂತ ಸುಮ್ನೆ ಒಪ್ಪಿದರೆ ಸಭೆಗೆ ಅರ್ಥವಿಲ್ಲ. ಒಳ್ಳೆಯ ಪ್ರೊಫೆಸರ್ ಮೊದಲು ಬಾಯಿಬಿಡುವುದಿಲ್ಲ. ಅವರು ಅಭಿಪ್ರಾಯ ಹೇಳಿಬಿಟ್ಟರೆ ಕಿರಿಯರು ಸುಮ್ಮನಾಗುತ್ತಾರೆ. ಅವರ ಅನುಭವ ನಿಜಕ್ಕೂ ಬೇಕಾಗುವುದು ಕೊನೆಯಲ್ಲಿ. ಟ್ರಯಲ್‌ಗೆ ಸೇರಿಸಿಕೊಂಡವರಲ್ಲಿ ತುಂಬಾ ವಯಸ್ಸಾದವರು ಇಲ್ಲ, ಕಿಡ್ನಿ ಕೆಟ್ಟವರು ಇಲ್ಲ, ನಾಲ್ಕು ಬೇರೆ ಕಾಯಿಲೆ ಇರುವವರು ಇಲ್ಲ. ವಾರ್ಡಿನಲ್ಲಿ ಮಲಗಿರುವವರಲ್ಲಿ ಎಷ್ಟೋ ಜನ ಅಂಥವರೇ. ಇವರಿಗೂ ಅದೇ ಫಲ ಸಿಕ್ಕೀತಾ, ಡೋಸ್ ಇಳಿಸಬೇಕಾ, ಏನನ್ನು ಗಮನಿಸುತ್ತಿರಬೇಕು ಎಂದು ಯೋಚಿಸಲು ವರ್ಷಗಟ್ಟಲೆ ರೋಗಿಗಳನ್ನು ನೋಡಿದ ಕಣ್ಣು ಬೇಕು.

ಎಷ್ಟೋ ಸಲ ಚರ್ಚೆ ಮುಗಿಯುವುದು ‘ಈಗಲೇ ಚಿಕಿತ್ಸೆ ಬದಲಿಸುವುದು ಬೇಡ, ಇನ್ನೊಂದು ಟ್ರಯಲ್ ಬರಲಿ’ ಎಂಬ ಮಾತಿನಿಂದ. ಇದನ್ನು ಹಿಂಜರಿಕೆ ಎನ್ನಲಾಗದು. ಬದಲಿಸಬೇಕು ಎಂದು ಒಪ್ಪಿಗೆಯಾದರೆ ಮಾತ್ರ ಯಾವ ರೋಗಿಗೆ, ಯಾವ ಡೋಸಿನಲ್ಲಿ ಶುರುಮಾಡುವುದು ಎಂದು ಅಲ್ಲೇ ಕೂತು ಮಾತಾಡುತ್ತಾರೆ.